ನೀಲಿ ಹರವಿಗೆ ಉಣಿಸಿದ ಸುಳ್ಳು

ನನ್ನ ಬಾಯಲ್ಲಿ ಹನ್ನೆರಡು ಮಂದಿ ಬಾಡಿಗೆಗೆ ಇದ್ದಾರೆ ಎಂದು ನಮ್ಮವ್ವ ಹೇಳುತ್ತಾಳೆ. ಅವಳ ಎಣಿಕೆ ಹಳೆಯದು. ಸ್ಟೇಶನ್ ಬಜಾರದ ಹಮಾಲರನ್ನು ಬಿಟ್ಟರೂ ಇಪ್ಪತ್ತಕ್ಕೆ ಕಡಿಮೆಯಿಲ್ಲ. ನಮ್ಮೂರು ಕಮಲಾಪುರದ ಗೌಡರ ಕೆಮ್ಮು, ಸಾಲಿ ಮಾಸ್ತರರ ತೊದಲು, ಗಾಡಿ ಹೊರಡುವಾಗ ಗಾರ್ಡ್ ಹಾಕುವ ಕೂಗು, ಎಲ್ಲವೂ ನನ್ನ ಗಂಟಲಲ್ಲಿ ಸಾಲಾಗಿ ಕೂತಿವೆ. ಮಾಸ್ತರರ ದನಿಯಲ್ಲಿ ಒಮ್ಮೆ ಇಡೀ ಸಾಲಿಗೆ ರಜೆ ಕೊಟ್ಟಿದ್ದೆ. ಅಂದಿನಿಂದ ನನಗೆ ಕಾಯಂ ರಜೆಯಾಯಿತು. ನನ್ನ ಸ್ವಂತ ದನಿ ಯಾವುದು ಎಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ನಮ್ಮದು ಕಂಬಳಿ ನೇಯುವ ಮನೆ. ಕರಿ ಕುರಿಯ ಉಣ್ಣೆಗೆ ಬಣ್ಣ ಬೇಡ, ಅದು ಹುಟ್ಟಿನಿಂದಲೇ ದುಃಖದಲ್ಲಿರುತ್ತದೆ. ಆದರೆ ಕಂಬಳಿಯ ಅಂಚಿಗೆ, ನಡುವಿನ ಪಟ್ಟೆಗೆ ಬಿಳಿ ಉಣ್ಣೆ ಬೇಕು, ಆ ಬಿಳಿಗೆ ಬಣ್ಣ ಬೇಕು. ಅವ್ವ ನೂತ ಬಿಳಿ ನೂಲನ್ನು ಗಂಟು ಕಟ್ಟಿ, ಹಗಲಿಡೀ ಬಂಡಿಯಲ್ಲಿ ಕೂತು ಕಲಬುರಗಿಗೆ ತಂದು, ಮೋಮಿನಪುರದ ಬಣ್ಣಗಾರ ಚಾಚಾನ ಅಂಗಳದಲ್ಲಿ ಇಳಿಸುವುದು ನನ್ನ ಪಾಲಿನ ಕೆಲಸ. ಬಣ್ಣವಾಗುವವರೆಗೆ ಅಲ್ಲೇ ಉಳಿದು ನೂಲು ತೊಳೆಯುವುದು, ಒಣಹಾಕುವುದು, ಚಾಚಾನ ಅಣಕು ಮಾಡುವುದು.

ಚಾಚಾ ದಾಳಿಂಬೆ ಸಿಪ್ಪೆಯಿಂದ ಹಳದಿ ತೆಗೆಯುತ್ತಿದ್ದ, ಮಡ್ಡಿ ಬೇರಿನಿಂದ ಕೆಂಪು. ಆದರೆ ಅವನ ಹೆಸರು ನಿಂತಿದ್ದು ನೀಲಿಯ ಮೇಲೆ. ಜರ್ಮನಿಯ ಬಣ್ಣದ ಪುಡಿ ಡಬ್ಬಿಯಲ್ಲಿ ಬರತೊಡಗಿದಾಗ ಊರೆಲ್ಲ ಅವನನ್ನು ಮರೆಯಿತು. ಬಿಸಿನೀರಿಗೆ ಪುಡಿ ಹಾಕು, ನೂಲು ಅದ್ದು, ತೆಗೆ. ಬೇರು ಕುಟ್ಟುವವರು ಯಾರು? ಆಮೇಲೆ ಜರ್ಮನಿಗೂ ಇಂಗ್ರೇಜರಿಗೂ ಯುದ್ಧ ಹತ್ತಿತು, ಡಬ್ಬಿ ನಿಂತಿತು. ಆಗ ಎಲ್ಲರೂ ನಿನ್ನೆ ತಾನೇ ಎದ್ದು ಹೋದವರ ಹಾಗೆ ಬಂದು, "ಹೆಂಗಿದ್ದೀರಿ ಚಾಚಾ" ಎಂದು ಅವನ ಅಂಗಳದಲ್ಲಿ ಕೂತರು. ನಮ್ಮ ಮನೆಯವರೂ ಹಾಗೆ ಬಂದವರೇ. ಆ ಡಬ್ಬಿ ಹೊತ್ತು ಕಮಲಾಪುರಕ್ಕೆ ಒಯ್ದಿದ್ದ ತಲೆ ನನ್ನದೇ.

ನೀಲಿಯ ಹರವಿ, ದೊಡ್ಡ ಮಣ್ಣಿನ ಮಡಕೆ, ಅಂಗಳದ ಮೂಲೆಯಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತಿತ್ತು. ಚಾಚಾನ ಅಪ್ಪನ ಕಾಲದ್ದು. ಅದನ್ನು ಎಂದೂ ತಳ ಕಾಣುವ ಹಾಗೆ ಬರಿದು ಮಾಡುತ್ತಿರಲಿಲ್ಲ. ಹಳೆಯ ನೀರಿಗೆ ಹೊಸ ನೀರು, ನೀಲಿಯ ಬಿಲ್ಲೆ, ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ. ಹರವಿ ಸರಿಯಿದ್ದಾಗ ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟುತ್ತದೆ, ನಡುವೆ ನೀಲಿ ನೊರೆ ಏಳುತ್ತದೆ. ಒಳಗಿನ ನೀರು ಮಾತ್ರ ಹಸಿರು ಹಳದಿ. ನೂಲನ್ನು ಅದ್ದಿ ತೆಗೆದರೆ ಮೊದಲು ಕಾಮಾಲೆಯಾದವರ ಕಣ್ಣಿನ ಬಣ್ಣ, ಗಾಳಿ ತಾಗುತ್ತ ತಾಗುತ್ತ ನೋಡುತ್ತಿದ್ದಂತೆಯೇ ನೀಲಿ. ವಾಸನೆಯ ಬಗ್ಗೆ ಹೇಳುವುದಿಲ್ಲ. ನೆರೆಯವರು ಆ ಗೋಡೆಯಲ್ಲಿ ಕಿಟಕಿ ಇಟ್ಟಿರಲಿಲ್ಲ.

ಆ ಚಳಿಗಾಲದಲ್ಲಿ ಹರವಿ ಕೆಟ್ಟಿತು. ನೊರೆಯಿಲ್ಲ, ಕೆನೆಯಿಲ್ಲ, ನೀರು ಬರೀ ಕೆಸರಿನ ಹಾಗೆ. ಅದ್ದಿದ ನೂಲು ತೊಳೆದರೆ ಬೆಳ್ಳಗೆ ನಗುತ್ತಿತ್ತು. ಸುಣ್ಣ ಹೆಚ್ಚು ಹಾಕುವ ಹಾಗಿಲ್ಲ, ಹತ್ತಿಯಾದರೆ ತಾಳಿಕೊಳ್ಳುತ್ತದೆ, ಉಣ್ಣೆ ಸುಟ್ಟ ಕೂದಲಿನಂತೆ ಚುರುಟಿಕೊಳ್ಳುತ್ತದೆ. ಚಾಚಾ ಎಂಟು ದಿನ ಹರವಿಯ ಬಾಯಲ್ಲಿ ಮುಖ ಇಟ್ಟು ಕೂತ. ಒಂಬತ್ತನೆಯ ದಿನ ಎದ್ದು ಹೇಳಿದ.

"ಗಿರಣಿಯಾಗ ಬಾಗಲಾ ಕಾಯೋ ಕೆಲಸ ಖಾಲಿ ಅದ ಅಂತ ನಮ್ಮ ಸಡ್ಡಕ ಹೇಳ್ಯಾನ. ಈ ಹರವಿ ಏಳಲಿಲ್ಲ ಅಂದ್ರ ಒಡದು ಹಾಕಿ, ಹೋಗಿ ಬಾಗಲಾಗ ನಿಲ್ತೀನಿ."

ಮೊಣಕೈವರೆಗೆ ನೀಲಿಯಾಗಿದ್ದ ಆ ಕೈಯಲ್ಲಿ ಲಾಠಿಯನ್ನು ನೆನೆಸಿಕೊಂಡು ನಾನು ಗಿರಣಿ ಕಾವಲುಗಾರನ ದನಿಯಲ್ಲಿ, "ಯಾರಪ್ಪಾ ಅದು, ನೀಲಿ ಕೈಯಂವ?" ಅಂದೆ. ಚಾಚಾ ನಗಲಿಲ್ಲ. ನಾನು ಬಾಯಿ ಮುಚ್ಚಿದ ಅಪರೂಪದ ಸಂದರ್ಭಗಳಲ್ಲಿ ಅದೊಂದು.

ಅವನೇ ಹತ್ತಿರ ಸರಿದು ಮೆಲ್ಲಗೆ, "ಒಂದ್ ದವಾ ಉಳದದ ಬೇಟಾ," ಅಂದ. "ನಮ್ಮ ಅಬ್ಬಾ ಹೇಳ್ತಿದ್ರು. ಹರವಿ ಮುನಿಸಿಕೊಂಡ್ರ ಊರಾಗ ಒಂದ್ ಸುಳ್ಳ ಬಿಡಬೇಕು. ಅದು ನಾಕ್ ಮನಿ ತಿರುಗಿ, ಬ್ಯಾರೆಯವರ ಬಾಯಿಂದ ನಮ್ಮ ಅಂಗಳಕ್ಕ ಬರಬೇಕು. ತಂದವರು ಅದನ್ನ ಖರೆ ಅಂತ ನಂಬಿರಬೇಕು. ಆಗ ಹರವಿ ಏಳ್ತದ."

"ಸುಳ್ಳು ತಿಂದು ಏಳ್ತದಂದ್ರ ಇದನ್ನ ಕಚೇರಿ ಅಂಗಳದಾಗ ಹೂಳಬೇಕಿತ್ತು ಚಾಚಾ. ಎಂದೂ ಸಾಯ್ತಿರಲಿಲ್ಲ."

"ಮಸ್ಕಿರಿ ನಕ್ಕೋ, ಬ್ಯಾಡ. ಸುಳ್ಳಿಗೂ ಕಾನೂನ ಅದ. ಸಾವಿನ ಸುಳ್ಳ ಬ್ಯಾಡ. ಹೆಣ್ಮಕ್ಕಳ ಮ್ಯಾಲ ಬ್ಯಾಡ. ದೇವರ ಸುದ್ದಿ ಬ್ಯಾಡ."

ಅಲ್ಲಿಗೆ ಉಳಿದದ್ದು ಸರಕಾರ ಒಂದೇ. ಆದರೆ ನನಗದು ಆಗ ಹೊಳೆಯಲಿಲ್ಲ.

ಊರಿಗೇ ಹೆಸರಾದ ಸುಳ್ಳುಗಾರ ನಾನಿರುವಾಗ ಚಿಂತೆ ಏಕೆಂದು ಎದೆ ತಟ್ಟಿಕೊಂಡು ಹೊರಟೆ. ಸ್ಟೇಶನ್ನಿನಲ್ಲಿ ಎರಡು ತಲೆಯ ಒಂಟೆ ಇಳಿದಿದೆ ಎಂದು ಪಾನಿನ ಅಂಗಡಿಯಲ್ಲಿ ಹೇಳಿದೆ. ಅಂಗಡಿಯವನು ಎಲೆಗೆ ಸುಣ್ಣ ಹಚ್ಚುತ್ತ, "ಒಂದ್ ತಲಿ ನಿಂದೇನು?" ಅಂದ. ಜಗತ್ ಎಂಬ ಓಣಿಯ ಬಾವಿಯ ನೀರು ಶರಬತ್ತಿನ ಹಾಗೆ ಸಿಹಿಯಾಗಿದೆ ಎಂದು ನೀರು ಸೇದುವವರಿಗೆ ಹೇಳಿದೆ. ಅವರು ನನಗೇ ಕೊಡ ಕೊಟ್ಟು ತರಲು ಹೇಳಿದರು. ಕೊನೆಗೆ ಅಳುಮುಖ ಮಾಡಿಕೊಂಡು, ರೈಲು ಇನ್ನು ಮುಂದೆ ಹಿಂದಕ್ಕಷ್ಟೇ ಓಡುತ್ತದಂತೆ ಎಂದು ಒಬ್ಬ ಹಮಾಲನಿಗೆ ಹೇಳಿದರೆ ಅವನು ತಲೆಯ ಮೂಟೆಯನ್ನೂ ಇಳಿಸದೆ ಕೇಳಿದ: "ಇದು ಯಾರ ದನೀಲೆ ಹೇಳಾಕತ್ತೀ? ಛಲೋ ಮಾಡ್ತಿ."

ಹಾಗೆ ಆ ದಿನ ನನಗೆ ಒಂದು ತಿಳಿವಳಿಕೆ ಬಂತು. ಸುಳ್ಳು ಹೇಳಲು ಪ್ರಾಮಾಣಿಕನೆಂಬ ಹೆಸರು ಬೇಕು. ಇಪ್ಪತ್ತೆರಡು ವರ್ಷ ಕಷ್ಟಪಟ್ಟು ನಾನು ಆ ಬಂಡವಾಳವನ್ನು ಕಳೆದುಕೊಂಡಿದ್ದೆ.

ನನ್ನ ಬಾಯಿಗೆ ಬೆಲೆಯಿಲ್ಲವಾದರೆ ಬೆಲೆಯಿರುವ ಬಾಯಿಂದ ಹೇಳಿಸಬೇಕು. ಸಾಹೇಬರ ಮುಂದೆ ಕಾಗದ ಇಡುವ ಕಚೇರಿಯ ಪೇಶಕಾರರನ್ನು ನೆನೆದೆ. ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ. ಮೂಗಿನಲ್ಲಿ ಮಾತು, ಪ್ರತಿ ಮಾತಿನ ಕೊನೆಗೆ ತಿಳಿಯಿತೇ ಎನ್ನುವ "ಮಾಲೂಮ್?" ಎಂಬ ಮೊಳೆ, ನಡುನಡುವೆ ಪಾನು ಒಂದು ದವಡೆಯಿಂದ ಇನ್ನೊಂದಕ್ಕೆ ವರ್ಗವಾಗುವ ಸದ್ದು. ಆ ದನಿ ನನ್ನ ಅಂಗಡಿಯ ಉತ್ತಮ ಸರಕು.

ಕಮಲಾಪುರದ ಬಂಡಿಗಳು ಬಿಡಾರ ಹೂಡುವ ಜಾಗದಲ್ಲಿ, ಪರದೆ ಹಾಕಿದ ಒಂದು ಟಾಂಗಾ ಕುದುರೆ ಬಿಚ್ಚಿ ನಿಂತಿತ್ತು. ಬೆಳಿಗ್ಗೆ ಊರಿಗೆ ಹೊರಡಲು ಎತ್ತು ಕಟ್ಟುತ್ತಿದ್ದ ನಮ್ಮೂರ ಮುತ್ಯಾ ಒಬ್ಬ ಅದರ ಪಕ್ಕದಲ್ಲೇ ಇದ್ದ. ನಾನು ಇನ್ನೊಂದು ಕಡೆಯಿಂದ ಪರದೆಯೊಳಗೆ ನುಸುಳಿ ಕೂತೆ. ಪೇಶಕಾರನೂ ನಾನೇ, ಅವನ ಚಪರಾಸಿಯೂ ನಾನೇ.

"ಹುಕುಮ್ ಬಂದದ. ಅಂಚಿಗೆ ನೀಲಿ ಇಲ್ಲದ ಕಂಬಳಿ ಕಚೇರಿ ಒಳಗ ಬರಕೂಡದು. ಮಾಲೂಮ್?"

"ಜೀ ಹುಜೂರ್. ಮಂದಿ ಯಾಕಂತ ಕೇಳಿದ್ರ ಏನು ಹೇಳ್ಲಿ?"

"ಯಾಕಂತ ಕೇಳೋದು ಹುಕುಮಿನಾಗ ಬರದಿಲ್ಲ. ಮಾಲೂಮ್?"

"ಪೂರಾ ಕಂಬಳಿ ನೀಲಿ ಇದ್ರ ನಡೀತದೇನ್ ಹುಜೂರ್?"

"ಅದಕ್ಕ ಬ್ಯಾರೆ ಹುಕುಮ್ ಬರ್ತದ."

ಹೊರಗೆ ಮುತ್ಯಾ ಎತ್ತಿನ ಹಗ್ಗ ಹಿಡಿದವನು ಹಿಡಿದ ಹಾಗೇ ನಿಂತದ್ದು ಪರದೆಯ ಸಂದಿನಲ್ಲಿ ಕಂಡಿತು. ಏಕೆ ಎಂದು ಹೇಳದ ಹುಕುಮು, ಆದ್ದರಿಂದ ಸರಕಾರದ್ದೇ ಎಂದು ಅವನ ಮುಖದಲ್ಲಿ ಬರೆದಿತ್ತು. ಬಂಡಿ ಬೇಗ ಬೇಗ ಹೊರಟಿತು.

ನಾಲ್ಕನೆಯ ದಿನ ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವ ಹೆಂಗಸು ಬುಟ್ಟಿ ಇಳಿಸಿ, ಚಾಚಾನ ಹೆಂಡತಿಗೆ, "ನೀಲಿ ನೂಲು ಇದ್ರ ಒಂದೆರಡು ಎಳಿ ಕೊಡ್ರಿ ಯವ್ವಾ," ಎಂದು ಕೈಯೊಡ್ಡಿದಳು. "ಅಂಚಿಲ್ಲದ ಕಂಬಳಿ ಕಚೇರಿ ಒಳಗ ಬಿಡಂಗಿಲ್ಲಂತ ಹುಕುಮ್ ಆಗ್ಯದ."

ನಾನು ಅಮಾಯಕನ ದನಿ ಹುಡುಕಿ, "ಖರೇನು ಅತ್ತಿ?" ಅಂದೆ.

"ಖರೆ ಅಲ್ಲದೇನೋ? ನಮ್ಮ ಓಣಿ ಮುತ್ಯಾ ಪೇಶಕಾರನ ಬಾಯಿಲೇ ಕೇಳ್ಯಾನ. ಬಿಳಿ ಕುದುರಿ ಟಾಂಗಾದಾಗ ಬಂದಿದ್ನಂತ. ಮುಂದ ಇಬ್ರು ಸವಾರರು, ಹಿಂದ ಇಬ್ರು."

ಸವಾರರನ್ನು ನಾನು ಕೊಟ್ಟಿರಲಿಲ್ಲ. ನಮ್ಮೂರವರು ಕೈ ಬಿಚ್ಚಿ ಸೇರಿಸಿದ್ದರು. ಚಾಚಾ ಎರಡೂ ನೀಲಿ ಕೈಗಳನ್ನು ಆಕಾಶಕ್ಕೆ ಎತ್ತಿದ. ಚಾಚಿ ಮಾತ್ರ ಎಂದಿನಂತೆ ಒಳಗಿಂದ ಒಂದು ತಂಬಿಗೆ ತಂದು ಹರವಿಗೆ ಸುರಿದು, ಬಾಯಿಗೆ ಹಲಗೆ ಮುಚ್ಚಿ, ಮೇಲೊಂದು ಹಳೆಯ ಕೌದಿ ಹೊದಿಸಿದಳು. ಮರುದಿನ ಬೆಳಿಗ್ಗೆ ಕೌದಿ ತೆಗೆದರೆ ಹರವಿ ಗುಳುಗುಳು ಎನ್ನುತ್ತಿತ್ತು. ತಾಮ್ರದ ಕೆನೆ, ನೀಲಿ ನೊರೆ. ಚಾಚಾ ನನ್ನ ಗಡ್ಡ ಹಿಡಿದು ಹಣೆಗೆ ಮುತ್ತಿಟ್ಟ. ನಾಲ್ಕು ದಿನ ನನ್ನ ಗಡ್ಡದಲ್ಲಿ ಅವನ ಬೆರಳಿನ ನೀಲಿ ಉಳಿಯಿತು.

ಇಲ್ಲಿಗೆ ನಿಂತಿದ್ದರೆ ನಾನು ಬುದ್ಧಿವಂತನೆಂದು ಬರೆದು ಮುಗಿಸಬಹುದಿತ್ತು.

ಕಮಲಾಪುರದಿಂದ, ಅದರ ಸುತ್ತಲಿನ ಹಳ್ಳಿಗಳಿಂದ ಬಿಳಿ ನೂಲಿನ ಗಂಟುಗಳು ಬರತೊಡಗಿದವು. ಕಚೇರಿಗೆ ಹೋಗುವವರು ತಾವಾಗಿಯೇ ಬಾಗಿಲ ಚಪರಾಸಿಗೆ ಅಂಚು ಎತ್ತಿ ತೋರಿಸಿದರು. ಮೊದಲ ದಿನ ಅವನು ಇವರಿಗೆ ತಲೆ ಕೆಟ್ಟಿದೆ ಎಂದು ನಕ್ಕ. ಎರಡನೆಯ ದಿನ ಬಾಗಿ ನೋಡಿದ. ಮೂರನೆಯ ದಿನ ಅಂಚಿಲ್ಲದವನೊಬ್ಬನನ್ನು ತಡೆದು, ಅವನ ಬುಟ್ಟಿಯಿಂದ ಎರಡು ಬಾಳೆಹಣ್ಣು ತೆಗೆದುಕೊಂಡು ಒಳಗೆ ಬಿಟ್ಟ. ಅಲ್ಲಿಂದ ಬಾಗಿಲಿಗೆ ದರ ನಿಂತಿತು: ನೀಲಿ ಅಂಚು, ಇಲ್ಲವೆ ಎರಡು ಬಾಳೆಹಣ್ಣು.

ಚಾಚಾನಿಗೆ ಬೇರೆಯೇ ಸಂಕಟ. ಅವನ ಪ್ರಕಾರ ನೀಲಿಯೆಂದರೆ ಆರು ಸಲ ಅದ್ದಿ, ಆರು ಸಲ ಗಾಳಿಗೆ ಹಿಡಿದು, ನೆರಳಿನಲ್ಲಿ ಕಪ್ಪೆಂದೂ ಬಿಸಿಲಲ್ಲಿ ನೀಲಿಯೆಂದೂ ಕಾಣಬೇಕು. ಅಂಥ ಅಂಚು ಕರಿ ಕಂಬಳಿಯ ಮೇಲೆ ಚಪರಾಸಿಗೆ ಕಾಣುತ್ತಿರಲಿಲ್ಲ. ಒಂದೇ ಸಲ ಅದ್ದಿ ತೆಗೆದ, ಉಪವಾಸವಿದ್ದವನ ತುಟಿಯಂಥ ತೆಳು ನೀಲಿಯೇ ಬೇಕೆಂದು ಜನ ಹಟ ಹಿಡಿದರು. "ಇಷ್ಟ್ ಕೆಟ್ಟ ಕೆಲಸ ನನ್ನ ಕೈಯಾಗಿಂದ ಯಾವ ಸರಕಾರನೂ ಮಾಡ್ಸಿರಲಿಲ್ಲ," ಎಂದು ಗೊಣಗುತ್ತ ಅವನು ಬೆಳಗಿನಿಂದ ಸಂಜೆಯವರೆಗೆ ಅದ್ದಿದ.

ಒಂದು ದಿನ ದೊಡ್ಡ ಹೊಲದ ಸಾಹುಕಾರನೊಬ್ಬ ಬಾಗಿಲಲ್ಲಿ ತಡೆಯಲ್ಪಟ್ಟು, ಹುಕುಮನ್ನು ಕಾಗದದಲ್ಲಿ ತೋರಿಸಿ ಎಂದು ಕೂತುಬಿಟ್ಟ. ಕಚೇರಿಯಲ್ಲಿ ಎರಡು ದಿನ ದಫ್ತರಗಳ ಧೂಳು ಹಾರಿತು. ಹುಕುಮು ಸಿಗಲಿಲ್ಲ. ಇಲ್ಲವೇ ಇಲ್ಲ ಎಂದರೆ ಚಪರಾಸಿಯ ತಪ್ಪು, ಕಳೆದಿದೆ ಎಂದರೆ ಗುಮಾಸ್ತನ ತಪ್ಪು. ಇಬ್ಬರೂ ಬಾಳೆಹಣ್ಣು ತಿಂದವರು. ಹೊಸದೊಂದು ಬರೆದು ಮೊಹರು ಹಾಕಿದರೆ ಯಾರದೂ ತಪ್ಪಲ್ಲ. ಹಾಗೇ ಆಯಿತು. ಬಜಾರದಲ್ಲಿ ಡಂಗುರ ಹೊಡೆದಾಗ ನಾನು ಅಲ್ಲೇ ನಿಂತಿದ್ದೆ. ನನ್ನದೇ ಮಾತುಗಳು, "ಮಾಲೂಮ್" ಒಂದನ್ನು ಬಿಟ್ಟು.

ನಗುತ್ತ ಓಡಿಬಂದು ಹೇಳಿದರೆ ಚಾಚಾನ ಮುಖ ಬಿಳಿಚಿತು. ಕೈ ಹಿಡಿದು ಹರವಿಯ ಹತ್ತಿರ ಎಳೆದೊಯ್ದ. ನೊರೆ ಬೆಳಿಗ್ಗೆಯೇ ಇಳಿದಿತ್ತಂತೆ. ನೀರು ಮತ್ತೆ ಕೆಸರು.

"ಸುಳ್ಳ ಇತ್ತು, ತಿಂತಿತ್ತು. ಈಗ ಅದು ಖರೆ ಆತು. ಬಾಯಾಗಿಂದ ತುತ್ತ ಕಸ್ಕೊಂಡಂಗ."

"ಇನ್ನೊಂದ್ ಸುಳ್ಳ ಹೇಳ್ತೀನಿ ಬಿಡು ಚಾಚಾ."

"ನಕ್ಕೋ, ಬ್ಯಾಡ. ಮೊದಲಿನದು ಹೊಟ್ಟ್ಯಾಗ ಖರೆ ಆಗಿ ಕುಂತದ. ಮ್ಯಾಲ ಎಷ್ಟ್ ಹಾಕಿದ್ರೂ ಇಳಿಯಂಗಿಲ್ಲ. ಹೋಗಿ ಆ ಖರೇನ ಸುಳ್ಳ ಮಾಡಿ ಬಾ. ಇಲ್ಲಾಂದ್ರ ನಾಳಿ ಹರವಿ ಒಡೀತೀನಿ. ಗಿರಣಿಗೆ ಶುಕ್ರವಾರದೊಳಗ ಹೇಳಬೇಕಂತ."

ಹುಡುಗಾಟಕ್ಕೆ ಬಿಟ್ಟದ್ದು ಒಬ್ಬ ಮುದುಕನನ್ನು ಗಿರಣಿಯ ಬಾಗಿಲಿಗೆ ನೂಕುತ್ತಿದೆ ಎಂದು ಆಗ ನನಗೆ ಹೊಳೆಯಿತು. ಮರುದಿನ ಬೆಳಿಗ್ಗೆ ಎರಡು ಬಾಳೆಹಣ್ಣು ಕೊಟ್ಟು ಕಚೇರಿಯೊಳಗೆ ಹೋದೆ. ಪೇಶಕಾರರ ಮುಂದೆ ಕೈ ಮುಗಿದು, ಹುಡುಕಿ ತೆಗೆದ ನನ್ನ ಸ್ವಂತ ದನಿಯಲ್ಲಿ, ಅಂಥ ಹುಕುಮು ಎಂದೂ ಇರಲಿಲ್ಲ, ಟಾಂಗಾದಲ್ಲಿ ಕೂತು ಹೇಳಿದವನು ನಾನು ಎಂದು ಒಪ್ಪಿಕೊಂಡೆ.

ಅವರು ಮೊಹರಿನ ಕಾಗದ ತೋರಿಸಿದರು. "ಇದು ಏನು? ಇದಕ್ಕಿಂತ ನಿನ್ನ ಬಾಯಿ ದೊಡ್ಡದೇನು? ಮಾಲೂಮ್?"

"ಹುಜೂರ್, ಅದು ನಿಮ್ಮ ದನೀಲೆ ನಾನೇ ಹೇಳಿದ್ದು. ಬೇಕಾದ್ರ ಕೇಳ್ರಿ." ಹೇಗೂ ತಲೆ ಕೊಟ್ಟಾಗಿತ್ತು. ಟಾಂಗಾದೊಳಗಿನ ಮಾತನ್ನು ಮೊದಲಿನಿಂದ ಕೊನೆಯವರೆಗೆ, ಮೂಗು, ಪಾನು, ಮೊಳೆ ಸಮೇತ ಒಪ್ಪಿಸಿದೆ. ಹಿಂದೆ ಕೂತ ಗುಮಾಸ್ತರು ಕಾಗದದಲ್ಲಿ ಮುಖ ಮುಚ್ಚಿಕೊಂಡರು.

ಪೇಶಕಾರರು ಕಣ್ಣು ಮುಚ್ಚಿ ಕೇಳಿದರು. ಪಾನನ್ನು ಇನ್ನೊಂದು ದವಡೆಗೆ ಸರಿಸಿದರು.

"ಇದು ಯಾರ ದನಿ ಗೊತ್ತಾತು. ನನಕಿಂತ ಮೊದಲ ಇದ್ದ ಪೇಶಕಾರರದು. ಅವ್ರು ಹಿಂಗೇ ಮೂಗಿನಾಗ ಮಾತಾಡ್ತಿದ್ರು, ಕೇಳಾಕ ಆಗ್ತಿರಲಿಲ್ಲ." ಗುಮಾಸ್ತನ ಕಡೆ ತಿರುಗಿ, "ನೋಡಿದ್ರೇನು? ಹುಕುಮ್ ಅವರ ಕಾಲದಾಗೇ ಆಗ್ಯದ. ಬರಕೊಳ್ರಿ," ಅಂದರು. ಮತ್ತೆ ನನಗೆ: "ಸರಕಾರಿ ಹುಕುಮ್ ಸುಳ್ಳ ಅಂತ ಇನ್ನೊಮ್ಮೆ ಅಂದ್ರ ಒಳಗ ಹಾಕಸ್ತೀನಿ. ಮಾಲೂಮ್?"

ಜೀವನದಲ್ಲಿ ಮೊದಲ ಸಲ ಸ್ವಂತ ದನಿಯಲ್ಲಿ ನಿಜ ಹೇಳಿದ್ದೆ. ಅದರ ಬೆಲೆ ಗೊತ್ತಾಗಿ, ಮೋಮಿನಪುರಕ್ಕೆ ಸುತ್ತು ಹಾದಿಯಲ್ಲಿ ಕಾಲೆಳೆಯುತ್ತ ಹೋದೆ. ಒಡೆದ ಹರವಿಯ ಚೂರುಗಳನ್ನು ನೋಡುವುದು ಆದಷ್ಟು ತಡವಾಗಲಿ ಎಂದು.

ಅಂಗಳಕ್ಕೆ ಬಂದರೆ ಚಾಚಾ ಹರವಿಯ ಬಾಯಲ್ಲಿ ಕೂತು ಕೋಲಿನಿಂದ ಕಲಕುತ್ತಿದ್ದ. ಮುಖದಲ್ಲಿ ಬಿಸಿಲು.

"ಎಂಥಾ ಸುಳ್ಳ ಬಿಟ್ಟಿ ಬೇಟಾ. ಬಾಳೆಹಣ್ಣಿನಾಕಿ ಈಗ ಬಂದು ಹೇಳಿ ಹೋದಳು. ಆ ಅಣಕು ಮಾಡೋ ಹುಡುಗ ಹುಕುಮ್ ಇಲ್ಲವೇ ಇಲ್ಲ ಅಂತ ಕಚೇರಿಯಾಗ ನಿಂತು ದೊಡ್ಡ ಸುಳ್ಳ ಹೇಳ್ಯಾನ ಅಂತ. ಬಜಾರ ತುಂಬ ಅದೇ ಸುದ್ದಿ."

"ಚಾಚಾ, ಅದು ಸುಳ್ಳಲ್ಲ. ಖರೆ."

"ಊರ ಮಂದಿ ಸುಳ್ಳ ಅಂದ್ರಲ್ಲ, ಸಾಕು. ಹರವಿ ಏನು ಕಚೇರಿಗೆ ಹೋಗಿ ಕೇಳ್ಕೊಂಡ್ ಬರ್ತದ?"

ಎರಡು ದಿನಕ್ಕೆ ಕೆನೆ ಕಟ್ಟಿತು. ಶುಕ್ರವಾರ ಚಾಚಾ ಗಿರಣಿಗೆ ಹೋಗಲಿಲ್ಲ, ನಮಾಜಿಗೆ ಹೋದ. ಆ ಹೊತ್ತಿನಲ್ಲಿ ಚಾಚಿ ಮತ್ತೆ ತಂಬಿಗೆ ತಂದಳು. ನಾನು ಈ ಸಲ ಬಗ್ಗಿ ನೋಡಿದೆ: ಬೆಲ್ಲ ಕರಗಿಸಿದ ಗೋಧಿ ತೌಡಿನ ಬಿಸಿ ನೀರು. ಹರವಿಯ ಸುತ್ತ ನೆಲದಲ್ಲಿ ಬೆಚ್ಚನೆಯ ಬೂದಿ ಸುರಿದಿದ್ದಳು. ಎರಡು ದಿನ ಯಾರಿಗೂ ನೂಲು ಅದ್ದಲು ಬಿಟ್ಟಿರಲಿಲ್ಲ, ಗಂಟು ತಂದವರನ್ನೆಲ್ಲ ಬಾಗಿಲಲ್ಲೇ ವಾಪಸು ಕಳಿಸಿದ್ದಳು.

"ಚಾಚಿ, ಇದನ್ನ ಎಷ್ಟ್ ದಿನದಿಂದ ಮಾಡಾಕತ್ತೀರಿ?"

"ಮದುವ್ಯಾಗಿ ಬಂದಾಗಿಂದ. ಚಳಿಗೆ ಕೆಡ್ತದ, ದಣಿದ್ರೂ ಕೆಡ್ತದ. ಬೆಚ್ಚಗ ಇಟ್ಟು ಉಣಿಸಿದ್ರ ಏಳ್ತದ."

"ಚಾಚಾಗ ಹೇಳಬಾರದೇನು?"

"ಹೇಳೀನಿ. ಖರೆ ಮಾತು ಅವರ ಕಿವಿಗೆ ಬೀಳಂಗಿಲ್ಲ. ನೀ ಹೇಳಿ ನೋಡು, ನಿನ್ನ ಮಾತಂದ್ರ ಭಾಳ ನಂಬಿಕಿ." ಹೀಗೆಂದು ನನ್ನ ಕೈಯಲ್ಲೇ ಖಾಲಿ ತಂಬಿಗೆ ಕೊಟ್ಟು ಒಳಗೆ ಹೋದಳು. ನಾನು ಹೇಳಲಿಲ್ಲ. ಊರಿನ ಒಬ್ಬನೇ ಒಬ್ಬ ಅಭಿಮಾನಿಯನ್ನು ಕಳೆದುಕೊಳ್ಳುವಷ್ಟು ಪ್ರಾಮಾಣಿಕ ನಾನಲ್ಲ.

ನಮ್ಮ ಮನೆಯ ನೂಲಿನ ಸರದಿ ಬಂದಾಗ ಚಾಚಾ ನನ್ನ ಕಂಬಳಿಯ ಅಂಚಿಗೆಂದು ಒಂದು ಎಳೆಯನ್ನು ಬೇರೆ ತೆಗೆದ. ತೆಳು ನೀಲಿ ಸಾಕು ಎಂದೆ. ಕೇಳಲಿಲ್ಲ. ಆರು ಸಲ ಅದ್ದಿದ, ಏಳನೆಯದು ನನ್ನ ಮೇಲಿನ ಪ್ರೀತಿಗೆ. ಅವ್ವನ ಹೊಲದ ಕಾಗದ ತರಲು ಆ ಎಳೆ ಅಂಚಿಗೆ ಹಾಕಿಸಿದ ಕಂಬಳಿ ಹೊದ್ದು ಕಚೇರಿಗೆ ಹೋದೆ. ಚಪರಾಸಿ ಅಂಚು ಹಿಡಿದು, ಕಣ್ಣಿಗೆ ಹತ್ತಿರ ತಂದು, ದೂರ ಹಿಡಿದು, "ಇದ್ಯಾವ ನೀಲಿನೋ? ಕಾಡಿಗಿ ಕರಿ ಅದ. ನಡಿ ಹಿಂದಕ್ಕ," ಎಂದ. ಆ ಹುಕುಮಿನ ಕರ್ತೃ ನಾನು, ಎರಡು ಬಾಳೆಹಣ್ಣು ಕೊಟ್ಟು ಒಳಗೆ ಹೋದೆ.

ಸಂಜೆ ಬಂದು ಜಗಳದ ದನಿಯಲ್ಲೇ ಚಾಚಾನಿಗೆ ಹೇಳಿದೆ. ಅವನು ಹಿಂಡುತ್ತಿದ್ದ ನೂಲನ್ನು ಬಿಟ್ಟ.

"ಕಾಡಿಗಿ ಕರಿ ಅಂದ್ನೇನು?"

"ಹೌದು."

"ಅಂವ ಹೆಂಗಂದ, ಅವನ ದನೀಲೆ ಅನ್ನು."

ಅಂದೆ. ಚಾಚಾ ಹೊಗಳಿಕೆ ಕೇಳಿದವನಂತೆ ಅರಳಿ, ಒಳಗೆ ಚಾಚಿಗೆ ಕೇಳುವಂತೆ ಇನ್ನೊಮ್ಮೆ ಅನ್ನಿಸಿದ. ಆಮೇಲೆ ಹರವಿಯ ಹಲಗೆ ಸರಿಸಿ, ಬಗ್ಗು ಎಂದು ನನ್ನ ಬೆನ್ನು ಒತ್ತಿದ.

"ಇದಕ್ಕೂ ಒಮ್ಮೆ ಹೇಳು."

"ಇದು ಖರೆ ಅದ ಚಾಚಾ. ಮತ್ತ ಕೆಟ್ಟೀತು."

"ಇರಲಿ," ಅಂದ. "ಇದೊಂದ್ ಸಲ ಖರೇನೂ ತಿನ್ಲಿ."